ಮಗನ ಜೊತೆ ಮತ್ತೆ ಮಸ್ಕತ್‌ಗೆ ಹೋಗುವುದಾದರೆ, ಮೊದಲು ಎರಡು ಪಟ್ಟಿ ಬರೆಯಿರಿ

ನಾನು 1997ರಲ್ಲಿ ಮದುವೆಯಾಗಿ ಪುತ್ತೂರಿನಿಂದ ಒಮಾನ್‌ನ ಮಸ್ಕತ್‌ಗೆ ಹೋದವಳು. ಮಗ ಹುಟ್ಟಿದ್ದು ಅಲ್ಲೇ, 1999ರಲ್ಲಿ. 2008ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆವು. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. 2025ರ ಜನವರಿಯಲ್ಲಿ ನಾನು, ಮಗ ಇಬ್ಬರೇ ಏಳು ದಿನಕ್ಕೆ ಹೋಗಿ ಬಂದೆವು. ಬಂದಾಗಿನಿಂದ, ಒಮಾನ್, ಕುವೈತ್, ಬಹರೇನ್ ಅಂತ ಇದ್ದು ಬಂದ ಗೆಳತಿಯರೆಲ್ಲ ಕೇಳುತ್ತಿದ್ದಾರೆ: ಹೇಗೆ ಹೋದ್ರಿ, ಎಲ್ಲಿ ಉಳಿದ್ರಿ, ಹಳೇ ಮನೆ ಸಿಕ್ಕಿತಾ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲ ಇಲ್ಲೇ ಬರೆಯುತ್ತೇನೆ. ನಾನು ಹೇಳುವುದು ಮಸ್ಕತ್ ಲೆಕ್ಕದಲ್ಲಿ. ಬೇರೆ ಊರಿಗೂ ಇದರಲ್ಲಿ ಜಾಸ್ತಿ ವ್ಯತ್ಯಾಸ ಇರಲಾರದು.

ಟಿಕೆಟ್ ಮಾಡುವುದಕ್ಕೂ ಮುಂಚೆ ಒಂದು ಕೆಲಸ ಮಾಡಿ. ನೀವೊಂದು ಹಾಳೆ, ಮಗ ಅಥವಾ ಮಗಳು ಒಂದು ಹಾಳೆ ತೆಗೆದುಕೊಂಡು, ಒಬ್ಬರದ್ದು ಒಬ್ಬರು ನೋಡದೆ, ಅಲ್ಲಿ ಏನೇನು ನೋಡಬೇಕು ಅಂತ ಬರೆಯಿರಿ. ಮಾತಾಡಿಕೊಂಡು ಬರೆಯಬೇಡಿ. ಮಾತಾಡಿದರೆ ಅಮ್ಮಂದಿರ ಪಟ್ಟಿಯೇ ಗೆಲ್ಲುತ್ತದೆ, ಯಾಕಂದ್ರೆ ನಮಗೆ ಊರಿನ ಹೆಸರು, ರಸ್ತೆಯ ಹೆಸರು ಎಲ್ಲ ಗೊತ್ತಿರುತ್ತದೆ, ಮಕ್ಕಳಿಗೆ ಅದು ಗೊತ್ತಿರುವುದಿಲ್ಲ, ಹಾಗಾಗಿ ಅವರು ತಮ್ಮದು ಸಣ್ಣ ವಿಷಯ ಅಂತ ಸುಮ್ಮನಾಗಿಬಿಡುತ್ತಾರೆ.

ನನ್ನ ಪಟ್ಟಿಯಲ್ಲಿ ಇದ್ದದ್ದು ನಮ್ಮ ಹಳೇ ಮನೆ, ದಾರ್ಸೈಟ್‌ನ ಕೃಷ್ಣ ದೇವಸ್ಥಾನ, ಊರಿಗೆ ಫೋನ್ ಮಾಡಲು ಕಾರ್ಡ್ ಹಿಡಿದು ನಿಲ್ಲುತ್ತಿದ್ದ ಬೂತ್, ಮತ್ರಾ ಕಾರ್ನಿಶ್ ಅನ್ನುವ ಸಮುದ್ರದಂಡೆಯ ರಸ್ತೆ, ಮಗ ಹುಟ್ಟಿದ ಆಸ್ಪತ್ರೆ, ರೂವಿ ಹೈ ಸ್ಟ್ರೀಟ್‌ನ ಬಟ್ಟೆ ಅಂಗಡಿ ಸಾಲು. ಮಗನ ಪಟ್ಟಿ ಬೇರೆಯೇ. ಲಿಫ್ಟ್‌ನ ಮೂರನೇ ನಂಬರಿನ ಬಟನ್, ಯಾಕಂದ್ರೆ ಅವನ ಕೈಗೆ ಎಟುಕುತ್ತಿದ್ದದ್ದು ಅಲ್ಲಿವರೆಗೆ ಮಾತ್ರ. ಏಸಿಯಿಂದ ಹನಿ ಬೀಳುವ ಜಾಗ, ಅಲ್ಲಿ ಅವನು ಬಾಟಲಿ ಇಡುತ್ತಿದ್ದ. ಚಿಪ್ಸ್ ಒಮಾನ್ ಅನ್ನುವ ಚಿಪ್ಸ್ ಪ್ಯಾಕೆಟ್ ಸಿಗುವ ಮೂಲೆ ಅಂಗಡಿ. ಮತ್ರಾದ ರಿಯಾಮ್ ಪಾರ್ಕ್‌ನ ಗುಡ್ಡದ ಮೇಲಿರುವ ಆ ದೊಡ್ಡ ಬಿಳಿ ಧೂಪದಾನಿ, ಅದನ್ನು ಅವನು ಬಹಳ ಕಾಲ ರಾಕೆಟ್ ಅಂತಲೇ ನಂಬಿದ್ದನಂತೆ. ಕೊನೆಯ ಸಾಲು: ‘ಅಡುಗೆಮನೆ ಕಿಟಕಿ, ಅಮ್ಮ ನಿಲ್ಲುತ್ತಿದ್ದದ್ದು.’ ಎರಡೂ ಪಟ್ಟಿಯಲ್ಲಿ ಇದ್ದದ್ದು ಮತ್ರಾ ಮತ್ತು ಮನೆ, ಎರಡೇ. ಒಂದೇ ಮನೆಯಲ್ಲಿ ಒಂಬತ್ತು ವರ್ಷ ಜೊತೆಗಿದ್ದೂ ನಾವು ಬೇರೆ ಬೇರೆ ಊರಿನಲ್ಲಿ ಬದುಕಿದ್ದೆವು ಅಂತ ನನಗೆ ಆವತ್ತು ಗೊತ್ತಾಯಿತು. ಅದಕ್ಕೇ ಹೇಳುತ್ತಿರುವುದು, ಪಟ್ಟಿ ಎರಡಿರಲಿ. ಪ್ರವಾಸದ ದಿನಗಳನ್ನೂ ಹಾಗೇ ಹಂಚಿಕೊಳ್ಳಿ: ಒಂದು ದಿನ ನಿಮ್ಮ ಊರು, ಮರುದಿನ ಅವನ ಊರು. ಅವನ ದಿನ ಅವನು ಮುಂದೆ ನಡೆಯಲಿ, ನೀವು ಹಿಂದೆ ಹೋಗಿ.

ಈಗ ಕಾಗದಪತ್ರದ ವಿಷಯ. ಹಳೇ ಪಾಸ್‌ಪೋರ್ಟ್, ಹಳೇ ಬತಾಕ (ಅಲ್ಲಿನ ನಿವಾಸಿ ಕಾರ್ಡ್), ಕರೆಂಟ್ ಬಿಲ್, ಬಾಡಿಗೆ ಕರಾರು ಏನೇ ಇದ್ದರೂ ಕಪಾಟಿನಿಂದ ತೆಗೆಯಿರಿ. ವೀಸಾಗೆ ಬೇಕು ಅಂತ ಅಲ್ಲ, ವಿಳಾಸಕ್ಕೆ. ನಮಗೆಲ್ಲ ನೆನಪಿರುವುದು ಪಿ.ಓ. ಬಾಕ್ಸ್ ನಂಬರ್ ಮತ್ತು ‘112, ರೂವಿ’ ಅನ್ನುವ ಪಿನ್‌ಕೋಡ್ ಮಾತ್ರ, ಯಾಕಂದ್ರೆ ಕಾಗದ ಮನೆ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಅದನ್ನು ಹಿಡಿದುಕೊಂಡು ಹೋದರೆ ಮನೆ ಸಿಗುವುದಿಲ್ಲ. ಮಸ್ಕತ್‌ನಲ್ಲಿ ಮನೆ ಹುಡುಕಲು ಬೇಕಾದದ್ದು ವೇ ನಂಬರ್, ಅಂದ್ರೆ ಗಲ್ಲಿಯ ನಂಬರ್, ಮತ್ತು ಬಿಲ್ಡಿಂಗ್ ನಂಬರ್. ಇವೆರಡೂ ಹಳೇ ಬಿಲ್‌ನಲ್ಲಿ ಇರುತ್ತವೆ. ಗಲ್ಲಿಯ ತುದಿಯಲ್ಲಿ ವೇ ನಂಬರಿನ ಬೋರ್ಡ್ ಇರುತ್ತದೆ, ಕಟ್ಟಡಕ್ಕೆ ಬಣ್ಣ ಬದಲಾಗಿದ್ದರೂ ನಂಬರ್ ನೋಡಿ ಗುರುತು ಹಿಡಿಯಬಹುದು.

ವೀಸಾ ಈಗ ಸುಲಭ. ನಮ್ಮ ಕಾಲದಲ್ಲಿ ಕಂಪನಿ, ಅದರ ಕಾಗದಪತ್ರ ಓಡಾಡಿಸುವ ಪಿಆರ್‌ಓ ಅಂತ ಕಾಯಬೇಕಿತ್ತು. ಈಗ ರಾಯಲ್ ಒಮಾನ್ ಪೊಲೀಸ್‌ನವರ ವೆಬ್‌ಸೈಟ್‌ನಲ್ಲೇ ಇ-ವೀಸಾಗೆ ಹಾಕಬಹುದು. ನಾವು ತೆಗೆದುಕೊಂಡದ್ದು 30 ದಿನದ್ದು, 20 ರಿಯಾಲ್ ಆಯಿತು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಚೀಟಿ ಜೊತೆಯಲ್ಲೇ ಇಟ್ಟುಕೊಳ್ಳಿ. ಇನ್ನೊಂದು, ಅಲ್ಲಿರುವ ಗೆಳತಿಯರಿಗೆ ಅಂತ ಮಸಾಲೆ ಕಟ್ಟುವಾಗ ಗಸಗಸೆ ಸೇರಿಸಬೇಡಿ, ಗಲ್ಫ್‌ನ ಹಲವು ದೇಶಗಳಲ್ಲಿ ಅದಕ್ಕೆ ನಿಷೇಧ ಇದೆ, ಸುಮ್ನೆ ಯಾಕೆ ತೊಂದರೆ.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಕ್ಕಳಿಗೆ ರಜೆ ಅಂತ ಮೇ, ಜೂನ್‌ನಲ್ಲಿ ಹೋದರೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಹಗಲಲ್ಲಿ ನಡೆಯಲಾಗುವುದಿಲ್ಲ. ಈ ಥರದ ಪ್ರವಾಸದಲ್ಲಿ ನಡೆಯದೆ ಇದ್ದರೆ ಏನೂ ಸಿಗುವುದಿಲ್ಲ. ಕಾರಿನಲ್ಲಿ ಕೂತು ನೋಡಿದರೆ ಎಲ್ಲ ಕಟ್ಟಡವೂ ಒಂದೇ ಥರ ಕಾಣುತ್ತದೆ. ಉಳಿಯುವುದಕ್ಕೂ ಇದೇ ಲೆಕ್ಕ. ಕುರುಮ್, ಅಲ್ ಖುವೈರ್ ಕಡೆ ಹೋಟೆಲ್‌ಗಳು ಚೆನ್ನಾಗಿವೆ ನಿಜ, ಆದರೆ ನೀವು ಇದ್ದದ್ದು ರೂವಿಯಲ್ಲಾದರೆ ರೂವಿಯಲ್ಲೇ ರೂಮು ಮಾಡಿ. ಬೆಳಿಗ್ಗೆ ಆರಕ್ಕೆ ಕೆಳಗಿಳಿದು ಒಂದು ಚಾಯ್ ಕುಡಿದು, ಅಂಗಡಿ ಶಟರ್ ಎತ್ತುವ ಹೊತ್ತಿಗೆ ಆ ಗಲ್ಲಿಗಳಲ್ಲಿ ಓಡಾಡಿದರೆ ನೆನಪು ತಾನಾಗಿ ಬರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಷ್ಟೋ ಅಂಗಡಿಗಳು ಈಗಲೂ ಮುಚ್ಚುತ್ತವೆ, ಆಗ ರೂಮಿಗೆ ಬಂದು ಮಲಗಿ. ನಾವೂ ಆಗ ಹಾಗೇ ಮಾಡುತ್ತಿದ್ದೆವಲ್ಲ.

ವಾರದ ಲೆಕ್ಕ ಬದಲಾಗಿದೆ, ಅದು ತಲೆಯಲ್ಲಿರಲಿ. ನಾವಿದ್ದಾಗ ಸರ್ಕಾರಿ ಕಚೇರಿಗಳಿಗೆ ಗುರುವಾರ, ಶುಕ್ರವಾರ ರಜೆ. 2013ರ ಮೇ ತಿಂಗಳಿಂದ ಅದು ಶುಕ್ರವಾರ, ಶನಿವಾರ ಆಗಿದೆ. ನನಗೆ ಇದು ಗೊತ್ತಿದ್ದೂ ಗುರುವಾರ ಬೆಳಿಗ್ಗೆ ಎದ್ದಾಗ ರಜೆಯ ದಿನ ಅನ್ನಿಸುತ್ತಿತ್ತು.

ದುಡ್ಡಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ರಿಯಾಲ್ ಡಾಲರಿಗೆ ಗಟ್ಟಿಯಾಗಿ ಕಟ್ಟಿದ ನಾಣ್ಯ, 1986ರಿಂದ ಒಂದು ರಿಯಾಲ್‌ಗೆ ಸುಮಾರು 2.6 ಡಾಲರ್, ಅದು ಅಲುಗಾಡಿಲ್ಲ. ಅಲುಗಾಡಿದ್ದು ನಮ್ಮ ರೂಪಾಯಿ. ನಾನು ಹೋದಾಗ ರಿಯಾಲ್‌ಗೆ 90 ಚಿಲ್ಲರೆ ರೂಪಾಯಿ, ಬರುವಾಗ 110ರ ಆಸುಪಾಸು, ಈಗ ಹೋದಾಗ 220 ದಾಟಿತ್ತು. ಹಾಗಾಗಿ ನನ್ನ ಮನಸ್ಸು ಒಂದು ಲೆಕ್ಕ ಹಾಕುತ್ತಿತ್ತು, ಮಗನ ಫೋನು ಇನ್ನೊಂದು. ನನಗೆ ಅಗ್ಗ ಅನ್ನಿಸಿದ ಊಟ ಅವನಿಗೆ ದುಬಾರಿ. ಎರಡು ದಿನ ಇದೇ ಚರ್ಚೆ. ಕೊನೆಗೆ ದಿನಕ್ಕೆ ಇಷ್ಟು ರಿಯಾಲ್ ಅಂತ ಬೆಳಿಗ್ಗೆಯೇ ಪರ್ಸಿಗೆ ಹಾಕಿ, ರೂಪಾಯಿ ಲೆಕ್ಕವನ್ನೇ ಬಿಟ್ಟೆವು. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ. ಓಡಾಡಲು ಮುವಾಸಲಾತ್ ಅವರ ಕೆಂಪು ಬಸ್ಸು ಬಹಳ ಅನುಕೂಲ. ನಮ್ಮ ಕಾಲದ ಬೈಝಾ ಬಸ್ಸು ಅನ್ನುವ ಸಣ್ಣ ವ್ಯಾನಿನಲ್ಲಿ ಒತ್ತಿಕೊಂಡು ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ರೂವಿಯಿಂದ ಮತ್ರಾ, ಅಲ್ಲಿಂದ ಹಳೇ ಮಸ್ಕತ್‌ವರೆಗೂ ಬಸ್ಸಿನಲ್ಲೇ ಹೋಗಬಹುದು.

ಹಳೇ ಮನೆಗೆ ಹೋಗುವುದು ಹೇಗೆ, ಎಲ್ಲರೂ ಕೇಳುವುದು ಇದನ್ನೇ. ನೇರವಾಗಿ ಬಾಗಿಲು ತಟ್ಟಬೇಡಿ. ಮೊದಲು ಕೆಳಗೆ ನಾತೂರ್ ಹತ್ತಿರ ಮಾತಾಡಿ. ನಾತೂರ್ ಅಂದ್ರೆ ಕಟ್ಟಡ ನೋಡಿಕೊಳ್ಳುವವರು ಅಂತ ಗಲ್ಫ್‌ನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಕಟ್ಟಡದಲ್ಲಿ ಈಗ ಇರುವವರು ಬಾಂಗ್ಲಾದೇಶದ ಹುಡುಗ, ಹಿಂದಿ ಚೆನ್ನಾಗಿ ಬರುತ್ತದೆ. ನಾವು ಇಂಥ ವರ್ಷದಲ್ಲಿ ಇಂಥ ಫ್ಲ್ಯಾಟ್‌ನಲ್ಲಿ ಇದ್ದೆವು ಅಂತ ಹೇಳಿ ಹಳೇ ಬಿಲ್ ತೋರಿಸಿದೆವು. ಅವನೇ ಮೇಲೆ ಹೋಗಿ ಕೇಳಿಕೊಂಡು ಬಂದ. ಹೋಗುವಾಗ ಕೈಯಲ್ಲಿ ಏನಾದರೂ ಇರಲಿ, ನಾವು ಊರಿನಿಂದ ಬಾಳೆಕಾಯಿ ಚಿಪ್ಸ್, ಚಕ್ಕುಲಿ ಒಯ್ದಿದ್ದೆವು. ಮನೆಯ ಹೆಂಗಸರು ಒಬ್ಬರೇ ಇರುವ ಹೊತ್ತಾದರೆ ಗಂಡಸರು ಬಂದ ಮೇಲೆ ಬರುತ್ತೇವೆ ಅಂತ ನೀವೇ ಹೇಳಿ, ಸಂಜೆ ಹೋಗಿ. ಒಳಗೆ ನೋಡಬಹುದಾ ಅಂತ ಬಾಗಿಲಲ್ಲೇ ಕೇಳಬೇಡಿ. ಅವರು ಕರೆದರೆ ಹೋಗಿ. ಕರೆಯದಿದ್ದರೆ ಲಿಫ್ಟ್ ಇದೆ, ಮೆಟ್ಟಿಲಿದೆ, ಟೆರೇಸ್ ಇದೆ, ಮಗುವಿನ ಅರ್ಧ ನೆನಪು ಇರುವುದು ಅಲ್ಲೇ. ಒಳಗೆ ಹೋದರೂ ಫೋಟೋ ತೆಗೆಯಬೇಡಿ, ಅದು ಈಗ ಅವರ ಸಂಸಾರ.

ನಮ್ಮನ್ನು ಕರೆದರು. ಈಗ ಇರುವುದು ತೆಲುಗಿನ ಒಂದು ಕುಟುಂಬ. ಹಾಲ್‌ನಲ್ಲಿ ಚಹಾ ಕೊಟ್ಟರು. ಅಡುಗೆಮನೆ ನೋಡಿ ಬನ್ನಿ ಅಂತ ಆ ತಾಯಿ ತಾವಾಗಿಯೇ ಹೇಳಿದರು. ಮಗ ಸೀದಾ ಹೋಗಿ ಕಿಟಕಿಯ ಹತ್ತಿರ ನಿಂತ. ಎದುರಿನ ಕಟ್ಟಡದ ಗೋಡೆ, ಏಸಿ ಡಬ್ಬಗಳು, ಅಷ್ಟೇ ಕಾಣುತ್ತಿತ್ತು. “ಅಮ್ಮ, ಇಷ್ಟೇನಾ? ದಿನಾ ಇಲ್ಲಿ ನಿಂತು ಏನು ನೋಡ್ತಿದ್ದೆ?” ಅಂದ. ನಾನು ಅವನ ಭುಜ ಹಿಡಿದು ಸ್ವಲ್ಪ ಬಲಕ್ಕೆ ತಿರುಗಿಸಿದೆ. ಎರಡು ಕಟ್ಟಡಗಳ ನಡುವೆ ಒಂದು ಗೇಣು ರಸ್ತೆ ಕಾಣುತ್ತದೆ. ನಿನ್ನ ಶಾಲೆಯ ಬಸ್ಸು ಅಲ್ಲಿ ತಿರುಗುತ್ತಿತ್ತು, ಅದು ಕಂಡ ಮೇಲೆ ಅನ್ನಕ್ಕೆ ಇಡುತ್ತಿದ್ದೆ ಅಂದೆ. ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ. ಇಂಥ ಹೊತ್ತಿನಲ್ಲಿ ಏನಾಯ್ತು, ಯಾಕೆ ಸುಮ್ಮನಾದೆ ಅಂತ ಕೇಳಬೇಡಿ. ಮಕ್ಕಳೂ ಅಷ್ಟೇ, ಅಮ್ಮನೋ ಅಪ್ಪನೋ ಒಂದು ಕಡೆ ಸುಮ್ಮನೆ ನಿಂತರೆ ಕೈಗಡಿಯಾರ ನೋಡಬೇಡಿ.

ತಿದ್ದುವುದು ಬೇಡ ಅಂತಲೂ ಹೇಳಬೇಕು. ಎರಡನೇ ದಿನ ನಾವು ಬೇಕರಿಯ ವಿಷಯಕ್ಕೆ ರಸ್ತೆಯಲ್ಲೇ ಮಾತು ಬೆಳೆಸಿದೆವು. ಖುಬ್ಸ್ (ಅರಬ್ಬರ ರೊಟ್ಟಿ) ತರುತ್ತಿದ್ದ ಬೇಕರಿ ಎಡಗಡೆ ಇತ್ತು ಅಂತ ನಾನು, ಬಲಗಡೆ ಅಂತ ಅವನು. ಈಗ ಎರಡೂ ಕಡೆ ಬೇಕರಿ ಇಲ್ಲ, ಕೇಳೋಣ ಅಂದ್ರೆ ಹಳಬರೂ ಯಾರಿಲ್ಲ. ನಾನು ಹಟ ಮಾಡಿದ್ದು ತಪ್ಪಾಯಿತು, ಅವತ್ತು ಮಧ್ಯಾಹ್ನದವರೆಗೆ ಅವನು ಒಂದು ನೆನಪನ್ನೂ ಬಾಯಿಬಿಡಲಿಲ್ಲ. ಆಮೇಲೆ ನಾವು ಮಾಡಿಕೊಂಡ ಪದ್ಧತಿ ಏನಂದ್ರೆ, ಅವನು ಹೇಳಿದ್ದನ್ನು ಅವನು ಹೇಳಿದ ಹಾಗೆ, ನಾನು ಹೇಳಿದ್ದನ್ನು ನಾನು ಹೇಳಿದ ಹಾಗೆ ಫೋನಿನಲ್ಲಿ ರೆಕಾರ್ಡ್ ಮಾಡುವುದು. ಗೋನು ಚಂಡಮಾರುತದ ನೆನಪು ನಮಗೆ ಸಿಕ್ಕಿದ್ದು ಹಾಗೆ. 2007ರ ಜೂನ್, ಇಡೀ ಕುರುಮ್ ನೀರಿನಲ್ಲಿ ನಿಂತಿತ್ತು, ವಾದಿಗಳು, ಅಂದ್ರೆ ಅಲ್ಲಿನ ಒಣ ಹಳ್ಳಗಳು, ಉಕ್ಕಿ ರಸ್ತೆಗಳು ಕೊಚ್ಚಿ ಹೋಗಿದ್ದವು, ಸಮುದ್ರದ ನೀರು ಸಿಹಿ ಮಾಡುವ ಘಟಕಗಳು ನಿಂತು ನಲ್ಲಿಯಲ್ಲಿ ನೀರಿಲ್ಲ. ನನಗೆ ಅದು ಬರೀ ಭಯ. ನಮ್ಮವರು ಕೆಲಸ ಮಾಡುತ್ತಿದ್ದ ಬಂದರಿನಿಂದ ಮನೆಗೆ ಬರಲಾಗದೆ ಒಂದು ರಾತ್ರಿ ಅಲ್ಲೇ ಉಳಿದಿದ್ದರು. ಮಗನ ನೆನಪಿನಲ್ಲಿ ಅದು ಕಟ್ಟಡದವರೆಲ್ಲ ಒಂದೇ ಮನೆಯಲ್ಲಿ ಕೂತು ಮೇಣದಬತ್ತಿ ಹಚ್ಚಿ, ಎಲ್ಲರ ಮನೆಯ ಅನ್ನ ಒಟ್ಟಿಗೆ ಉಂಡ ರಾತ್ರಿ. ಅವನ ರೆಕಾರ್ಡಿಂಗ್ ಕೇಳಿದ ಮೇಲೆ ನನಗೂ ಆ ಊಟ ನೆನಪಾಯಿತು. ಪಕ್ಕದ ಮನೆಯ ಮಲಯಾಳಿ ಚೇಚಿ ಮಾಡಿದ್ದ ಹುರುಳಿ ಪಲ್ಯ ಕೂಡ.

ಶಾಲೆ ನೋಡಬೇಕಾದರೆ ಮೊದಲೇ ಇ-ಮೇಲ್ ಕಳಿಸಿ. ಗೇಟಿಗೆ ಹೋಗಿ ನಾನಿಲ್ಲಿ ಓದಿದವನು ಅಂದ್ರೆ ಒಳಗೆ ಬಿಡುವುದಿಲ್ಲ, ಮಕ್ಕಳ ಸುರಕ್ಷತೆ ಅದು, ಬೇಜಾರು ಮಾಡಿಕೊಳ್ಳಬಾರದು. ನಮ್ಮನ್ನು ಮೊದಲ ದಿನ ವಾಪಸ್ ಕಳಿಸಿದರು. ಮೇಲ್ ಹಾಕಿದ ಮೇಲೆ ಎರಡು ದಿನ ಬಿಟ್ಟು ಕರೆದು ಅರ್ಧ ಗಂಟೆ ಒಳಗೆ ತಿರುಗಾಡಲು ಬಿಟ್ಟರು. ಮಗ ಓದಿದ ವರ್ಷ, ತರಗತಿ, ಹಳೇ ಮಾರ್ಕ್ಸ್ ಕಾರ್ಡಿನ ಫೋಟೋ ಮೇಲ್‌ನಲ್ಲಿ ಹಾಕಿ. ಭಾನುವಾರದಿಂದ ಗುರುವಾರದೊಳಗಿನ ದಿನ ಕೇಳಿ.

ತಿನ್ನುವುದರಲ್ಲಿ ಮಕ್ಕಳ ಮಾತು ನಡೆಯಲಿ. ನಾನು ಊರಿನ ಅಡುಗೆ ಮಾಡಿ ಹಾಕಿದ್ದೇ ಅವನಿಗೆ ನೆನಪು ಅಂತ ತಿಳಿದಿದ್ದೆ. ಅವನಿಗೆ ಬೇಕಾದದ್ದು ಪರೋಟದ ಒಳಗೆ ಚೀಸ್ ಸವರಿ, ಚಿಪ್ಸ್ ಒಮಾನ್ ಪುಡಿ ಮಾಡಿ ಹಾಕಿ, ಖಾರದ ಸಾಸ್ ಚಿಮುಕಿಸಿ ಸುತ್ತಿ ಕೊಡುತ್ತಾರಲ್ಲ, ಅದು. ಸಣ್ಣ ಕಾಫಿ ಶಾಪ್‌ಗಳಲ್ಲೆಲ್ಲ ಸಿಗುತ್ತದೆ. ಜೊತೆಗೆ ಕರಕ್ ಚಾಯ್. ಅದನ್ನು ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು ಅಂತ ಅವನು, ಸರಿ ಅಂತ ನಾನೂ ನಿಂತು ತಿಂದೆ. ಹನ್ನೊಂದು ವರ್ಷ ಅಲ್ಲಿದ್ದು ನಾನು ಅದನ್ನು ಬಾಯಿಗಿಟ್ಟದ್ದು ಅದೇ ಮೊದಲು. ರುಚಿ ಇದೆ.

ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿ, ಒಪೆರಾ ಹೌಸ್, ನ್ಯಾಷನಲ್ ಮ್ಯೂಸಿಯಂ ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ, ನಾನು ಉದ್ದ ಮಾಡುವುದಿಲ್ಲ. ಮಸೀದಿಗೆ ಹೋಗುವ ಹೆಂಗಸರು ತಲೆ, ಕೈಕಾಲು ಮುಚ್ಚುವ ಬಟ್ಟೆ ಹಾಕಿ, ಬೆಳಗಿನ ಹೊತ್ತೇ ಹೋಗಿ, ಶುಕ್ರವಾರ ಬೇಡ. ಹಳೇ ಮಸ್ಕತ್‌ನ ಅಲ್ ಆಲಂ ಅರಮನೆಯ ಹತ್ತಿರದ ಶಿವ ದೇವಸ್ಥಾನಕ್ಕೆ ಮಾತ್ರ ತಪ್ಪದೆ ಹೋಗಿ, ನೂರು ವರ್ಷಕ್ಕೂ ಹಳೆಯದು, ಗುಜರಾತಿ ವ್ಯಾಪಾರಿಗಳ ಕಾಲದ್ದು. ಶಿವರಾತ್ರಿಗೆ ಅಲ್ಲಿ ಸರದಿಯಲ್ಲಿ ನಿಂತ ನೆನಪು ಇಲ್ಲದ ಮಸ್ಕತ್‌ನ ಕನ್ನಡಿಗರು ಕಮ್ಮಿ.

ಎರಡು ದಿನ ಮಾತ್ರ ಹೊಸ ಜಾಗಕ್ಕೆ ಇಡಿ. ಬರೀ ಹಳೆಯದನ್ನೇ ನೋಡಿದರೆ ಮನಸ್ಸು ಭಾರವಾಗುತ್ತದೆ. ನಮಗೆ ಕಾರಿರಲಿಲ್ಲ, ಹಾಗಾಗಿ ಅಷ್ಟು ವರ್ಷ ಇದ್ದೂ ನಾನು ನಿಜ್ವಾ ನೋಡಿರಲಿಲ್ಲ. ಈ ಸಲ ಮಗ ಕಾರು ಬಾಡಿಗೆಗೆ ತೆಗೆದುಕೊಂಡ. ಅಂತರರಾಷ್ಟ್ರೀಯ ಪರ್ಮಿಟ್ ಊರಿನಲ್ಲೇ ಆರ್‌ಟಿಓದಿಂದ ಮಾಡಿಸಿದ್ದ. ಅಲ್ಲಿ ಬಲಗಡೆ ಓಡಿಸಬೇಕು, ಮೊದಲ ದಿನ ಪೇಟೆಯೊಳಗೆ ಬೇಡ. ಶುಕ್ರವಾರ ಬೆಳಿಗ್ಗೆ ಬೇಗ ಹೊರಟರೆ ನಿಜ್ವಾ ಕೋಟೆಯ ಪಕ್ಕದ ಆಡಿನ ಸಂತೆ ಸಿಗುತ್ತದೆ. ಆಡನ್ನು ಹಗ್ಗ ಹಿಡಿದು ಸುತ್ತ ನಡೆಸುತ್ತಾ ಬೆಲೆ ಕೂಗುತ್ತಾರೆ, ಕೊಳ್ಳುವವರು ಸುತ್ತಲೂ ಕೂತಿರುತ್ತಾರೆ. ಜಬಲ್ ಅಖ್ದರ್ ಬೆಟ್ಟಕ್ಕೆ ಹೋಗುವುದಾದರೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು, ಕೆಳಗೆ ಪೊಲೀಸರು ನೋಡಿಯೇ ಬಿಡುವುದು. ವಾಪಸ್ ಬರುವಾಗ ಮಗ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ. ಆ ರಸ್ತೆಯಲ್ಲಿ ನಮ್ಮಿಬ್ಬರಿಗೂ ಹಳೆಯದು ಏನೂ ಇರಲಿಲ್ಲ, ಹಾಗಾಗಿ ಅವನ ಕೆಲಸ, ಮುಂದಿನ ಯೋಚನೆ ಅಂತ ದಾರಿಯುದ್ದಕ್ಕೂ ಮಾತಾಡಿದೆವು.

ಕೊನೆಯ ಸಂಜೆ ಮತ್ರಾಕ್ಕೆ ಇಡಿ, ಬೇರೆ ಯಾವ ಕೆಲಸವೂ ಬೇಡ. ಅಲ್ಲಿನ ಸೂಕ್‌ನ, ಅಂದ್ರೆ ಹಳೇ ಪೇಟೆಯ, ಬಾಯಲ್ಲೇ ಲುಬಾನ್ ಹೊಗೆ ಬರುತ್ತದೆ. ಅದು ಧೋಫಾರ್ ಕಡೆಯ ಮರದ ಅಂಟು. ನಾವು ಊರಿನಲ್ಲಿ ಲೋಬಾನ ಅನ್ನುತ್ತೇವಲ್ಲ, ಆ ಮಾತು ಇದಕ್ಕೆ ನೆಂಟು, ವಾಸನೆ ಮಾತ್ರ ಬೇರೆ. ಕೊಳ್ಳುವಾಗ ಬಿಳಿ ಹಸಿರು ಮಿಶ್ರಿತ ತಿಳಿ ಹರಳು ನೋಡಿ ತೆಗೆದುಕೊಳ್ಳಿ. ಹಲ್ವಾ ಕೊಳ್ಳುವ ಮುಂಚೆ ರುಚಿ ನೋಡಲು ಕೊಡುತ್ತಾರೆ, ಕೇಸರಿ ಹಾಕಿದ್ದು ಒಳ್ಳೆಯದು.

ನಿಮ್ಮ ಜೊತೆ ಬರದೆ ಮನೆಯಲ್ಲಿ ಉಳಿದವರ ಪಟ್ಟಿಯನ್ನೂ ಕೇಳಿ ಬರೆದುಕೊಳ್ಳಿ. ನಾನು ಇದನ್ನು ಸರಿಯಾಗಿ ಮಾಡಲಿಲ್ಲ. ನಮ್ಮವರು ಮತ್ರಾದ ಬಂದರಿನಲ್ಲಿ ಸರಕು ಬಿಡಿಸುವ ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ದುಡಿದವರು. ನೀವೂ ಬನ್ನಿ ಅಂದ್ರೆ, ಅಲ್ಲಿ ದುಡಿದದ್ದು ಸಾಕು, ನೀವು ಹೋಗಿ ಬನ್ನಿ ಅಂದರು. ಏನಾದರೂ ನೋಡಿ ಬರಬೇಕಾ ಅಂದ್ರೆ, ಕಾರ್ನಿಶ್‌ನಿಂದ ಬಂದರಿನ ಒಂದು ಫೋಟೋ ತೆಗಿರಿ ಅಂದರು, ಅಷ್ಟೇ. ಅವರಿದ್ದ ಬಂದರು ಈಗಿಲ್ಲ. 2014ರಲ್ಲಿ ಸರಕು ಹಡಗುಗಳ ಕೆಲಸವನ್ನೆಲ್ಲ ಸೊಹಾರ್‌ಗೆ ಸಾಗಿಸಿದರು. ಈಗ ಅಲ್ಲಿ ನಿಲ್ಲುವುದು ಪ್ರವಾಸಿಗರ ದೊಡ್ಡ ಹಡಗು. ನಾವು ನಡೆಯುವ ದಾರಿಯಿಂದಲೇ ಫೋಟೋ ತೆಗೆದೆವು. ಬಂದರಿನ ಗೇಟು, ಪೊಲೀಸ್, ಸರ್ಕಾರಿ ಕಟ್ಟಡಗಳ ಕಡೆ ಕ್ಯಾಮೆರಾ ಹಿಡಿಯಬೇಡಿ.

ಊರಿಗೆ ಬಂದ ವಾರದಲ್ಲೇ ಫೋಟೋಗಳನ್ನು ಕಾಗದದ ಮೇಲೆ ಹಾಕಿಸಿ, ಹಿಂದೆ ಜಾಗದ ಹೆಸರು ಬರೆದಿಡಿ, ತಡ ಮಾಡಿದರೆ ಯಾವ ಗಲ್ಲಿ ಯಾವುದು ಅಂತ ಮರೆಯುತ್ತದೆ. ನಮ್ಮವರು ಬಂದರಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪೆನ್ನು ಕೇಳಿದರು. ಇಲ್ಲಿ ನಮ್ಮ ಆಫೀಸು, ಇಲ್ಲಿ ಲಾರಿ ನಿಲ್ಲುತ್ತಿದ್ದದ್ದು, ಗೋನು ದಿನ ರಾತ್ರಿ ನಾವು ಏಳು ಜನ ಮಲಗಿದ್ದ ಶೆಡ್ಡು ಇಲ್ಲಿ, ಅಂತ ಫೋಟೋದ ಮೇಲೆಯೇ ಗೀಟು ಹಾಕುತ್ತಾ ಹೋದರು. ಮಗ ಒಳಗೆ ಹೋಗಿ ಒಂದು ಹಾಳೆ ತಂದು ಪಕ್ಕದಲ್ಲಿ ಕೂತ. “ಅಪ್ಪ, ನಿಧಾನ, ಒಂದೊಂದೇ ಹೇಳಿ” ಅಂದ. ಆ ಪಟ್ಟಿಯಲ್ಲಿ ಈಗ ಹದಿನಾಲ್ಕು ಸಾಲು ಇದೆ.